ಎಂಟು ವರ್ಷದ ಗಾಳಿ

ಶವಪೆಟ್ಟಿಗೆಯಲ್ಲಿ ಗಂಡನ ಪಾದಗಳ ಬಳಿ ಇತ್ಸುಕೊ ಇಟ್ಟಿದ್ದ ಚೆಂಡನ್ನು, ಅಂತ್ಯಕ್ರಿಯೆಯ ಉಸ್ತುವಾರಿಯವನು ಎರಡೂ ಕೈಗಳಿಂದ ಎತ್ತಿ ಹೊರತೆಗೆದ.

"ಕ್ಷಮಿಸ್ಬೇಕು ತಾಯಿ. ಹೂವು, ಕಾಗದ, ಬಟ್ಟೆ ಏನಾದ್ರೂ ಇಡಿ. ಇದೊಂದು ಆಗಲ್ಲ."

"ಯಾಕಾಗಲ್ಲ? ಅದು ಅವರದೇ."

"ಗಾಳಿ ತುಂಬಿದ ಚೆಂಡು ಚಿತಾಗಾರದ ಕುಲುಮೆಯಲ್ಲಿ ಸಿಡಿಯುತ್ತೆ ತಾಯಿ."

"ಎಂಟು ವರ್ಷದಿಂದ ಹಾಸಿಗೆಗಳ ಹಿಂದೆ ಬಿದ್ದಿದ್ದ ಚೆಂಡು. ಅದರಲ್ಲಿ ಎಲ್ಲಿಯ ಗಾಳಿ?"

ಅವಳ ದನಿ ಏರಿತು. ಪ್ರಾರ್ಥನೆ ಮುಗಿಸಿ ಜಪಮಾಲೆ ಮಡಚುತ್ತಿದ್ದ ಭಿಕ್ಷು ತಲೆಯೆತ್ತಿ ನೋಡಿದರು. ಮೂರು ದಿನಗಳಿಂದ ಅವಳು ಜೋರಾಗಿ ಮಾತಾಡಿದ್ದು ಇದೇ ಮೊದಲು. ಮೊನ್ನೆ ಬೆಳಗಿನ ಜಾವ ಗಂಡ ಶಿಗೆಜೊ ಎಂದಿನಂತೆ ತಮ್ಮ ತೋಫು ಅಂಗಡಿಯಲ್ಲಿ ನೆನೆಸಿದ ಸೋಯಾ ಕಾಳಿನ ತೊಟ್ಟಿ ಎತ್ತಿದ್ದ. ಎತ್ತಿದವನು ಕೆಳಗಿಟ್ಟು ಅದರ ಪಕ್ಕದಲ್ಲೇ ಕೂತ. ಮತ್ತೆ ಏಳಲಿಲ್ಲ. ಒಳಗಿನಿಂದ ಇತ್ಸುಕೊ, "ರೀ, ಚಹಾ ಆರ್ತಾ ಇದೆ" ಎಂದು ಎರಡು ಸಲ ಕೂಗಿದ್ದಳು. ಎರಡನೆಯ ಸಲ ಸಿಟ್ಟಿನಿಂದ ಕೂಗಿದ್ದಳು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಅಳು ಮಾತ್ರ ಬಂದಿರಲಿಲ್ಲ.

ಅಂತಿಮ ದರ್ಶನಕ್ಕೆ ಬಂದಿದ್ದ ತತ್ಸುಮಿ ಚೆಂಡನ್ನು ಇಸಿದುಕೊಂಡ. ಒಂದು ಕಾಲಕ್ಕೆ ಊರಿನ ಶಿರಾನಾಮಿ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಜೊತೆಯವರಿಗೆ ಚೆಂಡು ಹಂಚಿ ಆಡಿಸುತ್ತಿದ್ದ ಆಟಗಾರ. ಈಗ ಹೊಟ್ಟೆ ಬಂದಿದೆ, ಕಾರು ಓಡಿಸಲು ಕಲಿಸುತ್ತಾನೆ. ಅವನು ಹೆಬ್ಬೆರಳಿನಿಂದ ಚೆಂಡನ್ನು ಒತ್ತಿದ. ಮತ್ತೊಮ್ಮೆ ಒತ್ತಿದ. ಆಮೇಲೆ ಸತ್ತವರ ಎದುರು ಮಾಡಬಾರದ ಕೆಲಸವೊಂದನ್ನು ಮಾಡಿದ: ಚೆಂಡನ್ನು ನೆಲಕ್ಕೆ ಬಿಟ್ಟ.

ಚೆಂಡು ಅವನ ಸೊಂಟದವರೆಗೆ ಎದ್ದಿತು.

"ಅಮ್ಮಾ," ಎಂದ, "ಎಂಟು ವರ್ಷ ಯಾರೂ ಮುಟ್ಟದ ಚೆಂಡು ಹೀಗೆ ಏಳಲ್ಲ."

*

ಎಂಟು ವರ್ಷದ ಹಿಂದೆ ಮೇ ತಿಂಗಳಲ್ಲಿ ಬಿಜೆ ಲೀಗ್ ಮುಗಿಯಿತು. ದೇಶದಲ್ಲಿದ್ದ ಎರಡು ಬ್ಯಾಸ್ಕೆಟ್‌ಬಾಲ್ ಲೀಗ್‌ಗಳು ಒಂದಾಗಬೇಕು ಎಂದು ಮೇಲಿನವರು ತೀರ್ಮಾನಿಸಿದರು. ದೊಡ್ಡ ಊರುಗಳ ತಂಡಗಳು ಹೊಸ ಲೀಗ್‌ಗೆ ಹೋದವು. ಈ ಬಂದರೂರಿನ ಶಿರಾನಾಮಿಗೆ ಅಷ್ಟು ತ್ರಾಣವಿರಲಿಲ್ಲ. ಲೀಗ್ ಜೊತೆಗೇ ಕಣ್ಮುಚ್ಚಿತು.

ಆ ತಂಡದಲ್ಲಿ ಶಿಗೆಜೊ ಏನೂ ಆಗಿರಲಿಲ್ಲ. ಆಟಗಾರರು ಬಿದ್ದ ಕಡೆ ಬೆವರಿನ ಕಲೆ ಉಳಿಯುತ್ತದಲ್ಲ, ಅದನ್ನು ಒರೆಸುವವನು. ಬುಟ್ಟಿಯ ಕೆಳಗೆ ಮೊಣಕಾಲೂರಿ ಕಾದು, ಆಟ ನಿಂತ ಕೂಡಲೇ ಬಗ್ಗಿಕೊಂಡು ಓಡಿ, ಒರೆಸಿ, ಮತ್ತೆ ಸೀಟಿ ಊದುವುದರೊಳಗೆ ಹಿಂದಿರುಗಬೇಕು. ಸಂಬಳವಿಲ್ಲ. ಅಭಿಮಾನಿಗಳನ್ನು ಆ ಲೀಗ್‌ನಲ್ಲಿ ಬೂಸ್ಟರ್ ಎನ್ನುತ್ತಿದ್ದರು. ಅವರು ಶಿಗೆಜೊನ ಓಟಕ್ಕೂ ಚಪ್ಪಾಳೆ ತಟ್ಟುತ್ತಿದ್ದರು. ಅವನು ಕಿವಿಯವರೆಗೆ ಕೆಂಪಾಗುತ್ತಿದ್ದ.

ಕೊನೆಯ ಪಂದ್ಯದ ದಿನವೇ ಇತ್ಸುಕೊಳ ತಾಯಿಯ ವರ್ಷಾಬ್ದಿಕ ಬಂದಿತ್ತು. "ಸೂತ್ರಪಾಠದ ಹೊತ್ತಿಗೆ ಬಂದೇ ಬರ್ತೀನಿ" ಎಂದು ಹೋದವನು ಬರಲಿಲ್ಲ. ಭಿಕ್ಷು ಹಿಂದಿರುಗಿದರು, ನೆಂಟರು ಊಟ ಮುಗಿಸಿ ಎದ್ದರು; ಮನೆಯ ಬುದ್ಧಪೀಠದ ಎದುರು ಅವನು ಕೂರಬೇಕಿದ್ದ ದಿಂಬು ಖಾಲಿಯಾಗಿಯೇ ಇತ್ತು. ಸಂಜೆ ಬಂದ. ಕೈಯಲ್ಲಿ ಚೆಂಡು, ಚೆಂಡಿನ ತುಂಬ ಆಟಗಾರರ ಸಹಿ.

"ನಂಗೇ ಕೊಟ್ರು ಕಣೇ. ಈ ಒರೆಸೋನಿಗೆ!"

"ನನ್ನಮ್ಮನಿಗೆ ಒಂದು ಗಳಿಗೆ ಕೈ ಮುಗಿಯೋಕಾಗ್ಲಿಲ್ಲ ನಿಮಗೆ. ಬೇರೆಯವರ ಬೆವರು ಒರೆಸೋಕೆ ಮಾತ್ರ ಪುರುಸೊತ್ತು."

ಅವನು ಸ್ನಾನಕ್ಕೆ ಇಳಿದಾಗ ಅವಳು ಚೆಂಡನ್ನು ಬಟ್ಟೆಯಲ್ಲಿ ಸುತ್ತಿ, ಗೋಡೆಗೂಡಿನಲ್ಲಿ ಚಳಿಗಾಲದ ಹಾಸಿಗೆಗಳ ಹಿಂದೆ ತುರುಕಿದಳು. ಕಸಕ್ಕೆ ಹಾಕಿದೆ ಎಂದಳು. ಅವನು "ಹೌದಾ" ಎಂದ, ಅಷ್ಟೇ. ಮರುದಿನ ಬೆಳಿಗ್ಗೆ ಬೀದಿ ಮೂಲೆಯಲ್ಲಿ ಕಸದ ಚೀಲಗಳ ಮುಂದೆ ಅವನು ಸುಮ್ಮನೆ ನಿಂತಿದ್ದುದನ್ನು ಅವಳು ಕಿಟಕಿಯಿಂದ ನೋಡಿದಳು. ಇವತ್ತು ಕೊಡೋಣ ಎಂದುಕೊಂಡಳು. ಹಬ್ಬಕ್ಕೆ ಕೊಡೋಣ ಎಂದುಕೊಂಡಳು. ಅವನಿಗೆ ಎಪ್ಪತ್ತು ತುಂಬಿದ ದಿನವೂ ಕೊಡಲಿಲ್ಲ. ಮೊದಲ ದಿನ ಸಿಟ್ಟು ತಡೆದಿತ್ತು; ಆಮೇಲೆ ನಾಚಿಕೆ.

*

ಉಸ್ತುವಾರಿಯವನು ಹೊರಗೆ ಹೋಗಿ ಕುಲುಮೆಯವರಿಗೆ ಫೋನು ಮಾಡಿ ಬಂದ.

"ಗಾಳಿ ಪೂರ್ತಿ ತೆಗೆದು ಚಪ್ಪಟೆ ಮಾಡಿದ್ರೆ ಒಪ್ಕೊಳ್ತಾರಂತೆ. ಬೇಗ ಆಗ್ಬೇಕು, ಮುಚ್ಚಳ ಹಾಕೋ ಹೊತ್ತಾಯ್ತು."

"ದೊಡ್ಡ ಉಪಕಾರವಾಯ್ತು," ಎಂದು ಇತ್ಸುಕೊ ತಲೆಬಾಗಿದಳು.

"ಪಂಪಿನ ಸೂಜಿ ಬೇಕು," ಎಂದ ತತ್ಸುಮಿ. "ಕುವಾಬಾರಾ ಅವ್ರೇ, ನಿಮ್ಮ ಕಾರಲ್ಲಿದ್ಯಲ್ಲ ಪಂಪು?"

ಕುವಾಬಾರಾ ನಿವೃತ್ತ ಅಂಚೆಯವನು, ಬೂಸ್ಟರ್‌ಗಳ ಡೋಲು ಬಾರಿಸುತ್ತಿದ್ದವನು. ಮೂರು ಬೀದಿ ಕೇಳುವಂತೆ ಮಾತಾಡುವ ಆ ಮನುಷ್ಯ ಇವತ್ತು ಗೋಡೆಗೊರಗಿ ನಿಂತಿದ್ದ.

"ಪಂಪಿದೆ. ಸೂಜಿ ಇಲ್ಲ."

"ಸೂಜಿ ಇಲ್ದೆ ಪಂಪ್ ಇಟ್ಕೊಂಡು ಏನ್ ಮಾಡ್ತೀರಿ, ಬಿಸಿಲಲ್ಲಿ ಗಾಳಿ ಹಾಕ್ಕೊಳ್ತೀರಾ?"

"ಸೂಜಿ ಶಿಗೆಜೊ ಹತ್ರ ಇದೆ ಕಣೋ!" ಕುವಾಬಾರಾ ಗದರಿದ. ಗದರಿದವನು ಇತ್ಸುಕೊಳ ಕಡೆ ತಿರುಗಿದ. "ಇತ್ಸುಕೊ ಅಕ್ಕಾ, ಹೇಳಬೇಡ ಅಂತ ಮಾತು ತೊಗೊಂಡಿದ್ದ. ಪ್ರತಿ ಮೇ ತಿಂಗಳು ಬಂದು ಪಂಪ್ ಕೇಳೋನು. ನೀವು ದೇವಸ್ಥಾನಕ್ಕೆ ಹೋದ ಹೊತ್ತು ನೋಡ್ಕೊಂಡು. ಪಂಪು ವಾಪಸ್ ಕೊಡೋನು, ಸೂಜಿ ಕೊಡ್ತಿರಲಿಲ್ಲ. ನಂದು ಒರಟಂತೆ ಕೈ. ನಾಲಿಗೆಗೆ ತಾಗಿಸಿ ಒದ್ದೆ ಮಾಡ್ಕೊಂಡೇ ತೂರಿಸಬೇಕು, ಒಣ ಸೂಜಿ ಚುಚ್ಚಿದ್ರೆ ಚೆಂಡಿನ ಬಾಯಿ ಹರಿಯುತ್ತೆ, ನಿಂಗೆ ಆ ತಾಳ್ಮೆ ಇಲ್ಲ ಅನ್ನೋನು."

"ಅವರಿಗೆ... ಗೊತ್ತಿತ್ತಾ?"

"ಮೊದಲನೇ ಚಳಿಗಾಲದಲ್ಲೇ. ಹಾಸಿಗೆ ತೆಗೆಯೋವಾಗ ಸಿಕ್ಕಿತಂತೆ. 'ತೊಗೊಂಡು ಇಟ್ಕೊಳ್ಳೋ ಮೂರ್ಖ' ಅಂದೆ ನಾನು. ಅದಕ್ಕವನು, 'ಇಲ್ಲಯ್ಯ, ತಪ್ಪು ನಂದು. ಅವಳೇ ಒಂದಿನ ತಂದು ಕೊಡ್ತಾಳೆ. ಆವತ್ತು ಚೆಂಡು ಮೆತ್ತಗಾಗಿದ್ರೆ ಅವಳು ನೊಂದ್ಕೊಳ್ತಾಳೆ' ಅಂದ."

ಇತ್ಸುಕೊ ಪೆಟ್ಟಿಗೆಯಲ್ಲಿದ್ದ ಮುಖವನ್ನು ನೋಡಿದಳು. ಈ ಮುಖ ಎಂಟು ವರ್ಷ ದಿನಾ ಎದುರಿಗೆ ಕೂತು ಅನ್ನ ಉಂಡಿತ್ತು. ಹಾಸಿಗೆ ತೆಗೆದುಕೊಟ್ಟಿತ್ತು, ಮತ್ತೆ ಮಡಿಸಿ ಇಟ್ಟಿತ್ತು. ಅವಳು ಪೆಟ್ಟಿಗೆಯ ಅಂಚು ಹಿಡಿದುಕೊಂಡಳು.

"ಕತ್ತರಿಯಿಂದ ಒಂದು ತೂತು ಮಾಡಿದರಾಯ್ತು," ಎನ್ನುತ್ತ ಉಸ್ತುವಾರಿಯವನು ಹೂವಿನ ಕತ್ತರಿ ಚಾಚಿದ. ತತ್ಸುಮಿ ಅದರ ತುದಿಯನ್ನು ಚೆಂಡಿಗೆ ಒತ್ತಿದ.

"ಬೇಡ!"

ಅವಳು ಚೆಂಡನ್ನು ಕಿತ್ತುಕೊಂಡು ಎದೆಗೆ ಅವುಚಿಕೊಂಡಳು.

"ಅಮ್ಮಾ, ನೀವೇ ಅಂದಿರಿ, ಅವರ ಜೊತೆ ಹೋಗ್ಬೇಕು ಅಂತ."

"ಅಂದೆ. ಇದರೊಳಗಿರೋದು ಅವರು ತುಂಬಿದ್ದು. ಬಿಡಬೇಡಿ. ಒಂದು ಚೂರೂ ಬಿಡಬೇಡಿ."

ಭಿಕ್ಷು ಕಣ್ಣುಮುಚ್ಚಿ ಅಮಿಡ ಬುದ್ಧನ ನಾಮ ಹೇಳಿದರು. ಪೆಟ್ಟಿಗೆಯೊಳಗೆ ಚೆಂಡಿನ ಜಾಗದಲ್ಲಿ ಕುವಾಬಾರಾ ಮಡಚಿದ ಬಿಳಿ ಒರೆಸುಬಟ್ಟೆಯೊಂದನ್ನು ಇಟ್ಟ. ಮುಚ್ಚಳ ಬಿತ್ತು.

*

ಕುಲುಮೆಯಿಂದ ಹೊರಬಂದ ಮೂಳೆಗಳನ್ನು ಸಂಪ್ರದಾಯದಂತೆ ಇಬ್ಬಿಬ್ಬರು ಸೇರಿ ಕಡ್ಡಿಗಳಿಂದ ಎತ್ತಿ, ಕಾಲಿನಿಂದ ಶುರುಮಾಡಿ ಭರಣಿಗೆ ಹಾಕಿದರು. ಇತ್ಸುಕೊಳ ಜೊತೆ ಕಡ್ಡಿ ಹಿಡಿದವನು ಕುವಾಬಾರಾ. ಮೊಣಕಾಲಿನ ಮೂಳೆ ಬಂದಾಗ ಅವನು, "ಇದರ ಮೇಲೇ ಕೂತು ಕಾಯ್ತಿದ್ದ," ಎಂದ. ಹಿಂದಿರುಗುವಾಗ ಅವಳ ಮಡಿಲಲ್ಲಿ ಭರಣಿಯಿತ್ತು, ಪಕ್ಕದ ಸೀಟಿನಲ್ಲಿ ಚೆಂಡು. ತತ್ಸುಮಿ ಚೆಂಡಿಗೂ ಬೆಲ್ಟ್ ಹಾಕಿದ.

ಮನೆಯಲ್ಲಿ ಭರಣಿಯನ್ನು ಬುದ್ಧಪೀಠದ ಎದುರು ಇಟ್ಟು, ಊದುಬತ್ತಿ ಹಚ್ಚಿ, ಒಂದೆರಡು ಗಳಿಗೆ ಕೂತಳು. ಆಮೇಲೆ ಎದ್ದು ಅಂಗಡಿಗೆ ನಡೆದಳು. ಸೋಯಾ ಕಾಳಿನ ತೊಟ್ಟಿ ಅವನು ಇಳಿಸಿದ ಜಾಗದಲ್ಲೇ ಇತ್ತು. ಕಾಳು ಉಬ್ಬಿ ಹುಳಿ ವಾಸನೆ ಬರುತ್ತಿತ್ತು. ಗೋಡೆಯ ಮೊಳೆಗೆ ಅವನ ರಬ್ಬರ್ ಏಪ್ರನ್ ನೇತಾಡುತ್ತಿತ್ತು. ಅದರ ಜೇಬಿಗೆ ಕೈ ಹಾಕಿದಳು. ತೋಫು ಸುತ್ತುವ ಕಾಗದದ ಪುಟ್ಟ ಪೊಟ್ಟಣ. ಬಿಡಿಸಿದರೆ, ಕಿರುಬೆರಳಿಗಿಂತ ಚಿಕ್ಕದೊಂದು ಸೂಜಿ.

ಅವಳು ಅದನ್ನು ನಾಲಿಗೆಗೆ ತಾಗಿಸಿದಳು. ಕಹಿ. ಸೋಯಾ ಹಾಲು ಹೆಪ್ಪುಗಟ್ಟಿ ತೋಫು ಆಗಲೆಂದು ಅವನು ನಲವತ್ತು ವರ್ಷ ಕೈಯಾರೆ ಸುರಿದ ಉಪ್ಪುನೀರಿನ ಕಹಿ. ಸೂಜಿಯನ್ನು ಬಾಯಿಂದ ತೆಗೆಯದೆ ಅವಳು ತೊಟ್ಟಿಯ ಪಕ್ಕದಲ್ಲಿ, ಅವನು ಕೂತಿದ್ದ ಜಾಗದಲ್ಲೇ, ಮೊಣಕಾಲೂರಿ ಕೂತಳು.