ತಿನ್ನುವ ಪುಂಡಿ, ಕುಡಿಯುವ ಕೆರೆ

ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಹೋಗುವಾಗ ಎರೆ ಹೊಲಗಳ ನಡುವೆ ಒಂದು ಊರು ಸಿಗುತ್ತದೆ. ಹೆಸರು ಬೇಡ, ಹೇಳಿದರೆ ಅಲ್ಲಿಯ ಸಾವಕಾರ ಶಂಭುಲಿಂಗಪ್ಪನವರಿಗೆ ಸಿಟ್ಟು ಬರುತ್ತದೆ. ಆ ಊರಲ್ಲಿ ಎಲ್ಲಿ ಬಾವಿ ತೋಡಿದರೂ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ಬಾಯಿಗಿಟ್ಟರೆ ಉಪ್ಪುಪ್ಪು. ಸಿಹಿನೀರು ಅಂತ ಇರುವುದು ಊರ ಕೆರೆಯೊಂದರಲ್ಲೇ. ಹಾಗಾಗಿ ಕೆರೆಯ ವಿಷಯದಲ್ಲಿ ಆ ಊರಿನವರು ಬಹಳ ಕಟ್ಟುನಿಟ್ಟು. ಯಾರೇ ಆಗಲಿ, ಮೆಟ್ಟು ಏರಿಯ ಈಚೆಗೇ ಬಿಟ್ಟು ಬರಿಗಾಲಲ್ಲಿ ಇಳಿಯಬೇಕು. ಎಮ್ಮೆ ನೀರಿಗಿಳಿದರೆ ಎಮ್ಮೆಯ ಒಡೆಯನಿಗೆ ಊರೆಲ್ಲ ಸೇರಿ ಉಗಿಯುತ್ತದೆ.

ಇಷ್ಟು ಮಡಿಯ ಊರು, ಎಪ್ಪತ್ತೆಂಟರ ಕಾರ್ತಿಕದಲ್ಲಿ ಅದೇ ಕೆರೆಗೆ ಬಂಡಿಗಟ್ಟಲೆ ಪುಂಡಿ ದಂಟು ತಂದು ಮುಳುಗಿಸಿತು. ಮರೆಯಬೇಡಿ, ಮೆಟ್ಟು ಏರಿಯ ಈಚೆಗೇ ಬಿಟ್ಟು, ಕೆರೆಗೆ ಕೈ ಮುಗಿದೇ ಮುಳುಗಿಸಿತು!

ಪುಂಡಿ ನೆನೆಹಾಕುವುದು ಹೊಸದೇನಲ್ಲ. ಎಲೆ ಪಲ್ಯಕ್ಕೆ, ದಂಟು ನಾರಿಗೆ. ಹಿಂದೆ ಮನೆಮನೆಯವರು ತಮ್ಮ ಹಗ್ಗಕ್ಕೆ ಬೇಕಾದಷ್ಟು ದಂಟನ್ನು ಊರಾಚೆಯ ಹಳ್ಳದ ಗುಂಡಿಯಲ್ಲಿ ಕೊಳೆಹಾಕಿ, ನಾರು ಸುಲಿದುಕೊಳ್ಳುತ್ತಿದ್ದರು. ಆ ವರ್ಷ ಮಾತ್ರ ಶಂಭುಲಿಂಗಪ್ಪನವರು ಪಟ್ಟಣದ ಹಗ್ಗದ ಕಾರಖಾನೆಯೊಂದಕ್ಕೆ ನಾರು ಕೊಡುವುದಾಗಿ ಮಾತು ಕೊಟ್ಟು ಬಂದಿದ್ದರು. ಕಾರಖಾನೆಯವರಿಗೆ ಬೆಳ್ಳಗಿನ ನಾರೇ ಆಗಬೇಕು. ಹಳ್ಳದ ಸವಳು ನೀರಲ್ಲಿ ನಾರು ಕಂದುತ್ತದೆ, ಸಿಹಿನೀರಲ್ಲಾದರೆ ಬೆಳ್ಳಗಾಗುತ್ತದೆ ಎಂದು ಹಿರಿಯರು ಕೂತು ಮಾತಾಡಿ ಕೆರೆಯನ್ನೇ ಆರಿಸಿದರು. ಊರಿನ ಅರ್ಧ ಹೊಲಗಳ ಬದುವಿನಲ್ಲಿ ಪುಂಡಿ ಎದ್ದಿತ್ತು. ಅದನ್ನೆಲ್ಲ ಹೇರಿ ತಂದದ್ದು ಊರಿನ ರೈತ ಹೊಳೆಪ್ಪನ ಬಂಡಿ. ಅದರಲ್ಲಿ ಅವನ ಸ್ವಂತ ಹೊಲದ ಕಟ್ಟುಗಳೂ ಇದ್ದವು.

ಹೊಳೆಪ್ಪನ ಹೆಂಡತಿ ಗೌರಕ್ಕ ದಿನಾ ಕೆರೆಗೆ ಹೋಗಿ ನೀರು ತರುವವಳು. ಕೆಲವೇ ದಿನಗಳಲ್ಲಿ ನೀರಿನ ಬಣ್ಣ ತಿರುಗಿದ್ದನ್ನು ಮೊದಲು ಕಂಡವಳೂ ಅವಳೇ. ಕೊಳೆತ ತತ್ತಿಯಂಥ ನಾತ. ಸಣ್ಣ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮರುದಿನ ಅವೇ ಹೊಟ್ಟೆ ಮೇಲಾಗಿ ತೇಲಿದವು. ಗೌರಕ್ಕನಿಗೆ ದಿಗಿಲಾಯಿತು. ಮನೆಯಲ್ಲಿ ಚೊಚ್ಚಲ ಹೆರಿಗೆಗೆ ಬಂದ ಮಗಳು ರೇಣುಕವ್ವ ಇದ್ದಳು, ತುಂಬಿದ ಬಸುರಿ.

"ಏನ್ರಿ, ಈ ನೀರ ಒಮ್ಮೆ ಮೂಸಿ ನೋಡ್ರಿ," ಎಂದು ತಂಬಿಗೆಯನ್ನು ಗಂಡನ ಮೂಗಿಗೆ ಹಿಡಿದಳು.

ಹೊಳೆಪ್ಪ ಮುಖ ಆಚೆ ತಿರುಗಿಸಿದ. "ನಾತ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಪುಂಡಿ ಏನ್ ಇಷಾನ? ನಿನ್ನೆ ರೊಟ್ಟಿ ಕೂಡ ಪುಂಡಿಪಲ್ಯ ನೀನ ಹಾಕೀದಿ. ಉಂಡೀನಿ. ಸತ್ತೀನೇನು?"

"ತಾಟಿನ್ಯಾಗಿನ ಪಲ್ಯ ಬ್ಯಾರೆ, ಕೆರ್‍ಯಾಗ ಕೊಳಿಯೂ ದಂಟು ಬ್ಯಾರೆ."

"ತಿನ್ನೂ ಪುಂಡಿ ನೀರ ಕೆಡಸ್ತೈತಿ ಅಂದ್ರ ಮಂದಿ ನಕ್ಕಾರು. ಪಟಕ ಆಡಸಿ ಇಡು, ಅಗದಿ ತಿಳಿ ಆಗತೈತಿ."

ಊರಿಗೆ ಊರೇ ಹಾಗೆ ಹೇಳುತ್ತಿತ್ತು. ಗೌರಕ್ಕ ಪಟಕದ, ಅಂದರೆ ಪಟಿಕಾರದ, ಹರಳನ್ನು ಕೊಡದಲ್ಲಿ ಗರಗರ ಆಡಿಸಿಟ್ಟಳು. ಕೆಸರು ಕೆಳಗಿಳಿದು ನೀರು ತಿಳಿಯಾಯಿತು. "ನೋಡ್ದಿಲ್ಲೋ?" ಎಂದು ಹೊಳೆಪ್ಪ ಮೀಸೆ ತಿರುವಿದ. ರೇಣುಕವ್ವ ಆ ನೀರನ್ನೇ ಮೂಗು ಹಿಡಿದು ಕುಡಿದಳು. ಎರಡು ದಿನ ಕಳೆಯುವುದರಲ್ಲಿ ಅವಳಿಗೆ ಭೇದಿ ಹತ್ತಿತು. ತುಂಬಿದ ಬಸುರಿಗೆ ಭೇದಿ ಎಂದರೆ ಹುಡುಗಾಟವೇ? ಕಣ್ಣು ಗುಳಿ ಬಿದ್ದು, ನಾಲಗೆ ಒಣಗಿ, ಮಗಳು ಗೋಡೆಗೆ ಆತು ಕೂತದ್ದನ್ನು ಕಂಡು ಗೌರಕ್ಕ ಸಹಾಯಕ್ಕೆ ಓಣಿಗೆ ಓಡಿದಳು.

ಪುಣ್ಯಕ್ಕೆ ಅಂದು ನರ್ಸ್ ಶಮೀಮಾಬಿ ಬಸುರಿಯರನ್ನು ನೋಡಲು ಊರಿಗೆ ಬಂದಿದ್ದರು. ಮೊದಲು ನೀರು ಕುದಿಸಿ ಮರಳಿಸಿ, ಆರಿಸಿ, ಚಿಟಿಕೆ ಉಪ್ಪು, ಒಂದು ಹಿಡಿ ಸಕ್ಕರೆ ಕಲಸಿ ರೇಣುಕವ್ವನಿಗೆ ಗುಟುಕು ಗುಟುಕಾಗಿ ಕುಡಿಸಿದರು. ಆಮೇಲೆ ಕೊಡದತ್ತ ತಿರುಗಿದರು.

"ಗೌರಕ್ಕಾ, ನೀರಿನ್ಯಾಗಿನ ಹುಳಾ ಕೊಲ್ಲಾಕ ಹೋದ ಸಲ ನಾ ಕೊಟ್ಟ ಬ್ಲೀಚಿಂಗ್ ಪೌಡರ್ ಹಾಕೀರಿಲ್ಲೋ?"

"ನೀವು ಹೇಳಿದಷ್ಟ ಹಾಕೇನ್ರಿ ಬಾಯಾರ. ಆಣಿ ಮಾಡಿ ಹೇಳತೀನಿ."

"ಹಂಗಾದ್ರ ಪರೀಕ್ಷಾ ಮಾಡೂಣು. ಹೊಳೆಪ್ಪ ಕಾಕಾ, ನೀವೂ ಬರ್‍ರಿ."

ಎರಡು ಗಾಜಿನ ಗ್ಲಾಸು ತಂದರು. ಒಂದರಲ್ಲಿ ಕೆರೆಯ ತಿಳಿನೀರು, ಇನ್ನೊಂದರಲ್ಲಿ ಹಿತ್ತಲ ಬಾವಿಯ ಸವಳು ನೀರು. ಎರಡಕ್ಕೂ ಒಂದೇ ಅಳತೆಯ ಪೌಡರ್ ನೀರು ಬೆರೆಸಿಟ್ಟು, ಚಹಾ ಕುಡಿದು, ರೇಣುಕವ್ವನಿಗೆ ಗಂಜಿ ಕುಡಿಸಿ ಬಂದರು. ಅನಂತರ ಚೀಲದಿಂದ ಸಣ್ಣ ಶೀಶೆ ತೆಗೆದು ಎರಡಕ್ಕೂ ಔಷಧದ ಹನಿ ಬಿಟ್ಟರು. ಬಾವಿಯ ನೀರು ಹಳದಿಗೆ ತಿರುಗಿತು. ಕೆರೆಯ ನೀರು ಇದ್ದ ಹಾಗೆಯೇ ಉಳಿಯಿತು.

"ಹಳದಿ ಆದ ನೀರಾಗ ಪೌಡರ್ ಇನ್ನೂ ಉಳದೈತಿ, ರೋಗದ ಹುಳಾ ಕೊಲ್ಲತೈತಿ," ಎಂದರು ಶಮೀಮಾಬಿ. "ಕೆರಿ ನೀರಾಗ ಹಾಕಿದ್ದೆಲ್ಲಾ ತೀರಿಹೋತು."

"ಎಲ್ಲಿ ಹೋತ್ರಿ?" ಹೊಳೆಪ್ಪ ಬಗ್ಗಿ ನೋಡಿದ.

"ಪುಂಡಿ ಕೊಳತ ರಸಕ್ಕ ಹೋತು. ಹತ್ತು ಮಂದಿಗಂತ ಮಾಡಿದ ಅಡಗಿ ನೂರು ಮಂದಿ ಬಂದು ಉಂಡ್ರ, ಕಡೀಕ ಬಂದವಗ ಏನ್ ಉಳೀತೈತ್ರಿ? ಪೌಡರ್ ಮೊದಲ ಆ ರಸದ ಮ್ಯಾಲೆ ಖರ್ಚಾಗತೈತಿ. ಭೇದಿ ಹುಳಾ ಆರಾಮ ಕುಂದರತಾವು. ನಿಮ್ಮ ಪಟಕ ಕೆಸರು ಇಳಸತೈತಿ, ಕರಗಿದ ರಸ ತಗ್ಯಂಗಿಲ್ಲ. ತಿಳಿ ನೀರೆಲ್ಲಾ ಚೊಕ್ಕ ನೀರಲ್ಲ."

"ಆದ್ರ ಪುಂಡಿ ತಿನ್ನೂ ವಸ್ತು ಅಲ್ಲೇನ್ರಿ?"

"ತಿನ್ನೂದ ಹೌದು. ಅದಕ್ಕ ಬ್ಯಾರೆ ಹುಳಾನೂ ತಿಂತಾವು! ದಂಟಿಗೂ ತೊಗಟಿಗೂ ನಡುವಿನ ಅಂಟನ್ನ ಕಣ್ಣಿಗೆ ಕಾಣದ ಜೀವಾಣು ತಿಂದು ಬಿಡಸತಾವು. ಅದಕ್ಕ ನಾರು ಸಡಲತೈತಿ. ಅವು ಇಲ್ಲಂದ್ರ ನಿಮಗ ಹಗ್ಗನ ಇಲ್ಲ. ಆದ್ರ ತಿನ್ನೂ ಹೊತ್ತಿನಾಗ ನೀರಿನ್ಯಾಗಿನ ಗಾಳೀನೂ ಅವ ಉಸಿರಾಡತಾವು. ಗಾಳಿ ತೀರಿದ ಕೂಡಲೆ ಮೀನ ಸಾಯ್ತಾವು, ನೀರ ನಾರತೈತಿ. ಕೊಳಸೂ ಜೀವಾಣು ಕೆಟ್ಟವಲ್ರಿ ಕಾಕಾ. ಅವನ್ನ ಕರಕೊಂಡು ಬಂದು ಕುಡಿಯೂ ನೀರಾಗ ಕುಂದರಿಸಿದವ್ರು ನಾವು."

ಹೊಳೆಪ್ಪ ಎರಡೂ ಗ್ಲಾಸನ್ನು ಎತ್ತಿ ಬೆಳಕಿಗೆ ಹಿಡಿದ. "ಖರೆ ಅನಸತೈತಿ. ಆದ್ರ ಸಾವ್ಕಾರ್‍ರಿಗೆ ಯಾರ ಹೇಳಬೇಕು? ನನ್ನ ಬಾಯಿ ಏಳಂಗಿಲ್ಲ."

"ನಾ ಹೇಳತೀನಿ," ಎಂದಳು ಗೌರಕ್ಕ.

ಮರುದಿನ ಮುಂಜಾನೆ ಅವಳು ನೆರೆಮನೆಯ ಮೈಮುನಬಿಯನ್ನೂ ಓಣಿಯ ಹೆಂಗಸರನ್ನೂ ಕರೆದುಕೊಂಡು ಕೆರೆಗೆ ಹೋದಳು. ಖಾಲಿ ಕೊಡಗಳನ್ನು ಏರಿಯ ಮೇಲೆ ಅಡ್ಡಸಾಲು ಇಟ್ಟರು. ಗೌರಕ್ಕ ಸೀರೆಯ ಕಚ್ಚೆ ಬಿಗಿದು ನೀರಿಗಿಳಿದು, ತನ್ನ ಮನೆಯ ಕಟ್ಟುಗಳನ್ನೇ ಮೊದಲು ಹುಡುಕಿ ಎಳೆದಳು. ಅರ್ಧ ಕೊಳೆತ ದಂಟು. ಈಗ ತೆಗೆದರೆ ನಾರು ಕೆಡುತ್ತದೆಂದು ಅವಳಿಗೆ ಗೊತ್ತಿತ್ತು. ತೊಡೆಮಟ್ಟ ಕಪ್ಪು ನೀರಲ್ಲಿ ನಿಂತು, ಹಲ್ಲು ಕಚ್ಚಿ, ಒಂದೊಂದಾಗಿ ದಂಡೆಗೆ ಹಾಕಿದಳು.

ಅಷ್ಟರಲ್ಲಿ ಶಂಭುಲಿಂಗಪ್ಪನವರು ಬಂದರು. ಹಿಂದೆ ಪುಂಡಿ ಹೇರಿದ ಬಂಡಿ. ಹೊಡೆಯುತ್ತಿದ್ದವನು ಹೊಳೆಪ್ಪನೇ. ಪಾಪ, ಬೆಳಿಗ್ಗೆ ಕರೆಯಲು ಬಂದಾಗ ಅವನಿಗೆ ಒಲ್ಲೆ ಎನ್ನಲಾಗಲಿಲ್ಲ.

"ಗೌರಕ್ಕಾ, ಕೊಡಾ ತಗಿಯವಾ. ಬಂಡಿ ಇಳೀಬೇಕು."

"ಇಳಿಯಂಗಿಲ್ರಿ."

"ಏನಂದಿ?"

"ಕಿವಿ ನೆಟ್ಟಗ ಅದಾವು ನಿಮಗ. ಇಳಿಯಂಗಿಲ್ಲ ಅಂದೆ."

ಸಾವಕಾರರ ಮುಖ ಕೆಂಪಾಯಿತು. "ಊರ ಹಿರ್‍ಯಾರೆಲ್ಲಾ ಕೂಡಿ ಮಾಡಿದ ಮಾತಿದು. ನಡುವ ನಿಂದೇನು?"

"ಹಿರ್‍ಯಾರು ಕೂಡಿದಾಗ ಕೊಡಾ ಹೊರೂವ್ರು ಯಾರಿದ್ರು ಅಲ್ಲಿ? ಒಬ್ಬಾಕೀನ್ನರ ಕರದ್ರೇನು? ನೀರ ಹೊರಾಕ ನಾವು, ನೀರಿನ ಮಾತಿಗೆ ನೀವು! ಮೆಟ್ಟಿನ ಧೂಳಿಗೆ ಹೇಸತೀರಿ, ಬಂಡಿ ತುಂಬ ಕೊಳಸಾಕ ಹೇಸಂಗಿಲ್ಲ. ಯಾವೂರ ಮಡೀರಿ ಇದು?"

"ನಡುವ ತಗದ್ರ ನಾರು ಹಾಳಾಗತೈತಿ. ನಿನ್ನ ಮನೀದೂ ಅದಾವು ಇದರಾಗ, ನೆನಪಿರಲಿ!"

"ನಮ್ಮವು ದಂಡಿ ಮ್ಯಾಲೆ ಬಿದ್ದಾವು, ನೋಡ್ರಲ್ಲಿ. ನಾನ ಕೈಯಾರೆ ಕೆಡಿಸೀನಿ. ಮನ್ಯಾಗ ನನ್ನ ಮಗಳು ಎದ್ದು ನಿಂದ್ರಾಕ ಆಗದಂಗ ಬಿದ್ದಾಳ್ರಿ. ಹಗ್ಗ ಮುಂದಿನ ವರ್ಷ ಹೊಸದೇವು. ಮಗಳನ್ನ ಹೊಸಿಯಾಕ ಬರಂಗಿಲ್ಲ!"

ಹೆಂಗಸರು ಯಾರೂ ಕದಲಲಿಲ್ಲ. ಮೈಮುನಬಿ ತನ್ನ ಕೊಡದ ಪಕ್ಕ ಏರಿಯ ಮೇಲೆ ಕೂತೇಬಿಟ್ಟಳು. "ಬಂಡಿ ನನ್ನ ಮ್ಯಾಲೆ ಹಾಯಿಸ್ರಿ," ಎಂದಳು.

"ಹೊಳ್ಯಾ, ಏನ್ ನೋಡ್ತಿ? ಹೊಡಿ ಬಂಡಿ!" ಎಂದು ಸಾವಕಾರರು ಗುಡುಗಿದರು.

ಹೊಳೆಪ್ಪ ದಂಡೆಯ ಮೇಲೆ ಬಿದ್ದ ತನ್ನ ಕಟ್ಟುಗಳನ್ನು ನೋಡಿದ. ಹೆಂಡತಿಯ ಕಾಲಿಗೆ ಅಂಟಿದ ಕರಿ ಲೋಳೆಯನ್ನು ನೋಡಿದ. ಬಂಡಿಯಿಂದ ಇಳಿದು, ಎತ್ತುಗಳ ಕೊಳ್ಳ ಹರಿದು ನೊಗದಿಂದ ಬಿಡಿಸಿದ. ಬಂಡಿಯ ಮೂಕಿಮರ ದಡ್ಡನೆ ನೆಲಕ್ಕೆ ಬಿತ್ತು.

"ಸಾವ್ಕಾರ್‍ರ, ಪುಂಡಿ ನಿಮ್ದು. ಎತ್ತು ನನ್ನವು. ಇವು ಈ ಏರಿ ಇಳಿಯಂಗಿಲ್ಲ."

ಜೀವಮಾನದಲ್ಲಿ ಅವನು ಸಾವಕಾರರಿಗೆ ಎದುರಾಡಿದ್ದು ಅದೇ ಮೊದಲು. ಎತ್ತು ಕಟ್ಟಿ, ಧೋತರ ಮೇಲೆತ್ತಿ, ಹೆಂಡತಿಯ ಪಕ್ಕ ನೀರಿಗಿಳಿದ. ಅವನನ್ನು ಕಂಡು ಇನ್ನೂ ನಾಲ್ಕಾರು ಗಂಡಸರು ಇಳಿದರು.

ಶಂಭುಲಿಂಗಪ್ಪನವರು ಒಪ್ಪಿದರೆಂದು ಸುಳ್ಳು ಹೇಳಲಾರೆ. ಇಂದಿಗೂ ಅವರು "ಹೆಣ್ಮಕ್ಕಳ ಮಾತು ಕೇಳಿ ಊರು ಕೆಟ್ಟಿತು" ಎನ್ನುತ್ತಾರೆ. ಆದರೆ ಕೆರೆ ಒಪ್ಪಿಗೆಗೆ ಕಾಯಲಿಲ್ಲ, ಕಟ್ಟುಗಳೆಲ್ಲ ಹೊರಗೆ ಬಂದವು. ಹಗ್ಗ ಹೊಸೆಯುವ ಮಲಿಕಸಾಬ ಕೆರೆಗೂ ಬಾವಿಗೂ ದೂರ, ಇಳಿಜಾರಿನ ಕೆಳಗಿನ ಬಂಜರಿನಲ್ಲಿ ಗುಂಡಿ ತೋಡಿಸಿ, ಸವಳು ನೀರು ತುಂಬಿ ದಂಟು ನೆನೆಹಾಕುವುದನ್ನು ಮತ್ತೆ ರೂಢಿಗೆ ತಂದ. ಕೊಳೆತ ನೀರನ್ನು ಅದೇ ಬಂಜರಿಗೆ ಹರಡಿದರು, ರಾಡಿಯನ್ನು ತಿಪ್ಪೆಗೆ ಹಾಕಿದರು. ನಾರು ಕೊಂಚ ಕಂದಿದ್ದು ನಿಜ, ಕಾರಖಾನೆಗೆ ಬೇಡವಾಗಿ ಊರ ಹಗ್ಗಕ್ಕೇ ಉಳಿಯಿತು. ಎತ್ತಿನ ಕೊರಳಿಗೆ ಹಗ್ಗದ ಬಣ್ಣ ಗೊತ್ತಾಗುತ್ತದೆಯೇ?

ಕೆಟ್ಟ ಕೆರೆ ಒಂದು ದಿನದಲ್ಲಿ ಸುಧಾರಿಸಲಿಲ್ಲ. ಅದು ಸುಧಾರಿಸುವ ತನಕ ಪುಂಡಿ ಹೇರುತ್ತಿದ್ದ ಬಂಡಿಯಲ್ಲೇ ಹೊಳೆಪ್ಪ ನೆರೆಯೂರ ಕೆರೆಯಿಂದ ಪೀಪಾಯಿಯಲ್ಲಿ ನೀರು ತಂದ, ಗೌರಕ್ಕ ಅದನ್ನೂ ಮರಳಿಸಿಯೇ ಮಗಳಿಗೆ ಕೊಟ್ಟಳು. ರೇಣುಕವ್ವ ಚೇತರಿಸಿಕೊಂಡು ಹೆಣ್ಣುಮಗುವನ್ನು ಹೆತ್ತಳು. ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದಾರೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಕೆರೆಗೆ ಏನು ಬೀಳುತ್ತಿದೆ? ನೆನೆಹಾಕಿದ ನಾರೇ, ನೂಲಿನ ಬಣ್ಣದ ನೀರೇ, ತೊಗಲು ತೊಳೆದ ನೀರೇ, ಕಾರಖಾನೆಯ ಕೊಳಚೆಯೇ? ಹೋಗಿ ನೋಡಿ. ಮೀನು ಬಾಯಿ ಬಿಟ್ಟರೆ, ನೀರು ನಾರಿದರೆ, ತಿಳಿಯಾಗಿದೆ ಎಂದು ನಂಬಬೇಡಿ. ನರ್ಸಿಗೆ ಹೇಳಿ ಪರೀಕ್ಷೆ ಮಾಡಿಸಿ. ಕುಡಿಯುವ ನೀರನ್ನು ಕುದಿಸಿ ಮರಳಿಸಿ. ಉದ್ಯೋಗ ಬೇಡ ಎನ್ನಬೇಡಿ, ಅದಕ್ಕೆ ಬೇರೆ ಗುಂಡಿ ತೋಡಿರಿ. "ಮೊದಲಿಂದ ಹೀಗೇ ನಡೆದಿದೆ" ಎಂದು ಯಾರಾದರೂ ಬಾಯಿ ಮುಚ್ಚಿಸಲು ಬಂದರೆ ತಲೆ ತಗ್ಗಿಸಬೇಡಿ. ಕೆರೆ ಕಾಯಲು ಯಾರ ಅಪ್ಪಣೆಯೂ ಬೇಕಿಲ್ಲ. ಆ ನೀರು ಕುಡಿಯುವ ಮಕ್ಕಳು ನಿಮ್ಮವರು, ಏರಿಯ ಮೇಲೆ ಅಡ್ಡ ನಿಲ್ಲಿ.