ಮೊದಲು ತೋರಿಸುವ ಕಮಾಂಡು

ಮಾತಿಗೆ ಮೂಲವಾಗಿ, ಮೌನಕ್ಕೂ ಮನೆಯಾಗಿರುವ ಪರಮಾತ್ಮನಿಗೆ ಕೈಮುಗಿದು, ಒಂದು ಸಾಲು ಮಾಡಿದ ಉಪಕಾರದ ಕಥೆಯನ್ನು ಹೇಳತೊಡಗುವೆ.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸಿಡುವ ಗ್ರಂಥಾಲಯವೊಂದಿತ್ತು. ಅಕ್ಕ ಅಲ್ಲಿ ಮೇಲ್ವಿಚಾರಕಿ. ಅವಳ ತಮ್ಮನದು ಧ್ವನಿಮುದ್ರಣದ ಕೆಲಸ. ಅವರ ಸಂಗ್ರಹದ ನಿಧಿಯೆಂದರೆ ಊರಿನ ಹಿರಿಯ ಮೇಷ್ಟ್ರೊಬ್ಬರು ಓದಿದ ಖಗೋಳ ಪಾಠಗಳು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮೇಷ್ಟ್ರಿಗೆ ಉಳಿದಿದ್ದು ಪಿಸುಮಾತಷ್ಟೆ. ಇನ್ನೊಮ್ಮೆ ಓದಿಸುವುದು ಕನಸಿನ ಮಾತು.

ಒಂದು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಸಾಸಿವೆಯಷ್ಟೂ ಜಾಗ ಉಳಿದಿರಲಿಲ್ಲ. ತಪ್ಪಾದ, ಅರ್ಧಕ್ಕೆ ನಿಂತ ಓದುಗಳ ಫೋಲ್ಡರನ್ನು ಬರಿದು ಮಾಡದೆ ಹೊಸ ಪುಸ್ತಕ ಹಿಡಿಯುವಂತಿರಲಿಲ್ಲ. ಓದುವವರು ಆಗಲೇ ಬಂದು ಹೊರಗೆ ಕಾಯುತ್ತಿದ್ದರು. ತಮ್ಮ ಅವಸರದಿಂದ ತಂತ್ರಾಂಶದ ಕೈಪಿಡಿ ತೆರೆದ.

ಫೋಲ್ಡರ್ ಬರಿದು ಮಾಡುವುದಕ್ಕೆ ಅಲ್ಲಿ ಕೊಟ್ಟ ಉದಾಹರಣೆಯಲ್ಲಿ ಎರಡು ಕಮಾಂಡುಗಳಿದ್ದವು, ಅಳಿಸುವಂಥದ್ದು ಎರಡನೆಯದು. ಮೊದಲನೆಯದರ ಮೇಲೆ ಹೀಗೆ ಬರೆದಿತ್ತು: ‘ಇದು ಏನನ್ನೂ ಅಳಿಸುವುದಿಲ್ಲ. ಯಾವುದು ಅಳಿಸಿಹೋಗಲಿದೆ ಎಂದು ತೋರಿಸುತ್ತದೆ. ಓದಿ ನೋಡಿ ಎರಡನೆಯದಕ್ಕೆ ಹೋಗಿ.’ ಫೋಲ್ಡರಿನ ಹೆಸರು ಬರುವಲ್ಲಿ ‘ನಿಮ್ಮ-ಫೋಲ್ಡರ್’ ಎಂದಿದ್ದು, ಅದನ್ನು ಬದಲಿಸಬೇಕೆಂಬ ಸೂಚನೆ ಪಕ್ಕದಲ್ಲೇ ಇತ್ತು.

"ತೋರಿಸೋದೇನು ಬಂತು? ಒಳಗೇನಿದೆ ಅಂತ ನಂಗೆ ಗೊತ್ತಿಲ್ವಾ?" ಎಂದು ಅವನು ನೇರವಾಗಿ ಎರಡನೆಯದಕ್ಕೇ ಕೈಹಾಕಲು ಹೋದ.

"ಅವಸರದಲ್ಲಿ ಅಂಗಿ ತಿರುಗಾಮುರುಗಾ ಹಾಕ್ಕೊಂಡು ಬಂದಿದೀಯ ಕಣೋ, ಅದೇ ಗೊತ್ತಾಗಿಲ್ಲ ನಿಂಗೆ. ಮೊದಲನೇದು ಹಾಕು," ಎಂದಳು ಅಕ್ಕ.

ಅವನು ಗೊಣಗುತ್ತಲೇ ಹಾಕಿದ. ಪರದೆಯ ಮೇಲೆ ಹೆಸರುಗಳು ಸಾಲಾಗಿ ಇಳಿದವು. ಓದುತ್ತಿದ್ದ ಅಕ್ಕನ ಬೆರಳು ಒಂದೆಡೆ ನಿಂತಿತು. ಮೇಷ್ಟ್ರ ಪಾಠಗಳು! ಸದ್ದು ತಿಳಿಗೊಳಿಸಲೆಂದು ಅವನೇ ಅವನ್ನು ಅಲ್ಲಿಗೆ ಸರಿಸಿ ಮರೆತಿದ್ದ, ಬೇರೆ ಪ್ರತಿಯಿರಲಿಲ್ಲ. ಅವನು ತಕ್ಷಣ ಪಾಠಗಳನ್ನು ಬೇರೊಂದು ಡಿಸ್ಕಿಗೆ ಸಾಗಿಸಿ, ಮತ್ತೆ ಮೊದಲ ಕಮಾಂಡನ್ನೇ ಕೊಟ್ಟು, ಒಂದೊಂದು ಹೆಸರನ್ನೂ ಓದಿದ ಮೇಲೆಯೇ ಎರಡನೆಯದನ್ನು ಒತ್ತಿದ.

ಸಂಜೆ ಮೇಷ್ಟ್ರ ಮನೆಗೆ ಹೋಗಿ, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದ. ಮೇಷ್ಟ್ರು ಅವನನ್ನು ಹತ್ತಿರ ಕರೆದು ಪಿಸುಗುಟ್ಟಿದರು: "ನನ್ನ ಹತ್ರ ಯಾಕಪ್ಪಾ ಕ್ಷಮೆ? ಆ ಸಾಲು ಬರೆದೋರಿಗೆ ಒಂದು ಮಾತು ಹೇಳಿದ್ಯಾ?"

ಕೈಪಿಡಿಯಲ್ಲಿ ಬರೆದವರ ಹೆಸರಿರಲಿಲ್ಲ, ಸಂಸ್ಥೆಯ ವಿಳಾಸವಿತ್ತು. ಅವನು ಕೃತಜ್ಞತೆಯ ನಾಲ್ಕು ಮಾತು ಬರೆದು, ಮೇಷ್ಟ್ರ ಒಂದು ಪಾಠವನ್ನೂ ಜೊತೆಗಿಟ್ಟು ಕಳುಹಿಸಿದ. ಬರೆದಾಕೆಯಿಂದಲೇ ಉತ್ತರ ಬಂತು. ಉದಾಹರಣೆ ಉದ್ದವಾಯಿತೆಂದು ಆ ಮೊದಲ ಕಮಾಂಡನ್ನು ತೆಗೆಯುವ ಮಾತು ಕಚೇರಿಯಲ್ಲಿ ನಡೆದಿತ್ತಂತೆ. ಈಗ ಎಲ್ಲರೂ ಕೂಡಿ ಕುಳಿತು ಮೇಷ್ಟ್ರ ದನಿ ಕೇಳಿದರಂತೆ. ತೆಗೆಯುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲವಂತೆ.

ಈ ಕಥೆ ಕೇಳಿದವರಿಗೆಲ್ಲ, ಎಡವುವ ಮುನ್ನ ಎಚ್ಚರಿಸುವವರು ದೊರೆಯಲಿ, ಮುಖ ಕಾಣದವರ ಉಪಕಾರವನ್ನು ನೆನೆಯುವ ಮನಸ್ಸನ್ನು ದೇವರು ಕರುಣಿಸಲಿ, ಸರ್ವರಿಗೂ ಮಂಗಳವಾಗಲಿ.