ಹಳ್ಳದ ತೋಟದಿಂದ ಮೇಲಕ್ಕೆ

ರೇವತಿ ಹದಿನಾಲ್ಕು ವರ್ಷದಿಂದ ಬಾಳೂರಿನ ನಮ್ಮ ಆರೆಕರೆ ತೋಟಕ್ಕೆ ಕಾಫಿ ಕೊಯ್ಯಲು ಬರುತ್ತಾಳೆ. ಈ ಮಳೆಗಾಲದಲ್ಲಿ ಅವಳಿಗೆ ಗರ್ಭಕೋಶದ ಆಪರೇಷನ್ ಆಯಿತು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದನ್ನು ಅವಳು ನನಗೊಬ್ಬಳಿಗೇ ಹೇಳಿದ್ದಳು. ಮೇಸ್ತ್ರಿ ಲಕ್ಕಯ್ಯನಿಗೆ ಅದು ಹೇಗೋ ಗೊತ್ತಾಗಿತ್ತು.

"ಕೊಯ್ದ ಹಣ್ಣನ್ನ ಅವರವರೇ ಹೊತ್ತು ತರ್ಬೇಕು. ನಿನ್ನ ಮೂಟೆ ಯಾರು ಹೊರ್ತಾರೆ? ಈ ವರ್ಷ ಮನೇಲಿರು," ಎಂದ.

"ಮನೇಲಿ ಕೂತು ಹಂಚು ಎಣಿಸ್ಲಾ?" ಎಂದು ರೇವತಿ ನಕ್ಕಳು. ಕೈ ಮಾತ್ರ ಹೊಟ್ಟೆಯ ಮೇಲಿತ್ತು.

ನಮ್ಮ ಅರ್ಧ ತೋಟ ಹಳ್ಳದ ಕಡೆಗೆ ಕಡಿದಾಗಿ ಇಳಿಯುತ್ತದೆ. ಅಲ್ಲಿಂದ ರಸ್ತೆ ಬದಿಯ ತೂಕದ ಜಾಗಕ್ಕೆ ಮೂಟೆಗಳು ಹೆಂಗಸರ ತಲೆಯ ಮೇಲೇ ಬರಬೇಕು. "ಎಳೆಯೋಕೆ ಒಂದು ಎಂಜಿನ್ ಇಟ್ರೆ?" ಎಂದು ಗಂಡನನ್ನು ಕೇಳಿದೆ. ನಾಗೇಶ ಇಂಥದ್ದಕ್ಕೆಲ್ಲ ಬೇಗ ಹುರುಪುಗೊಳ್ಳುವವರು. ಮುಚ್ಚಿಹೋದ ಹೋಂಸ್ಟೇಯೊಂದರಿಂದ ಹಳೆಯ ಹುಲ್ಲು ಕತ್ತರಿಸುವ ಯಂತ್ರ ತಂದರು. ಅದರ ಮಾಲೀಕ ಅದನ್ನು ಮಂಗಳೂರಿನಿಂದ ತಂದಿದ್ದನಂತೆ. ವಸ್ತಾರೆಯ ಗ್ಯಾರೇಜಿನಲ್ಲಿ ಅದಕ್ಕೆ ಹಗ್ಗ ಸುತ್ತುವ ಡ್ರಮ್ ಕೂರಿಸಿ, ತೂಕದ ಜಾಗದ ಪಕ್ಕ ಇಟ್ಟರು. ಹಗ್ಗದ ಕೊನೆಗೆ, ಮೂಟೆ ಇಟ್ಟು ಎಳೆಯಲು ಚಕ್ರವಿಲ್ಲದ ತಗಡಿನ ಬಂಡಿ.

ಸೋಮವಾರ ಕೊಯ್ಲು ಶುರು. ಹಿಂದಿನ ದಿನ, ಭಾನುವಾರ, ಪರೀಕ್ಷೆ ಮಾಡಿದರು. ಖಾಲಿ ಬಂಡಿ ಏರಿತು. ಒಂದು ಮೂಟೆ ಇಟ್ಟೊಡನೆ ಎಂಜಿನ್ ಕೆಮ್ಮಿ ನಿಂತಿತು.

"ಹುಲ್ಲಿನ ಎಂಜಿನ್ನು, ಅದಕ್ಕೆಲ್ಲಿಂದ ಬರ್ಬೇಕು ಶಕ್ತಿ?" ಎಂದ ಲಕ್ಕಯ್ಯ.

"ಪೆಟ್ರೋಲ್ ಸಾಲ್ತಿಲ್ಲ ಮಾರಾಯ," ಎಂದು ನಾಗೇಶ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ತೆಗೆದು, ಇನ್ನೂ ದೊಡ್ಡ ತೂತಿನದನ್ನು ಹಾಕಿದರು. ಕಪ್ಪು ಹೊಗೆ ಬಂತು. ಮೂಟೆ ಕದಲಲಿಲ್ಲ.

ನನಗೆ ಕಾರಣ ಗೊತ್ತಿತ್ತು. ಅಪ್ಪ ಕುದುರೆಮುಖದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಮನೆಗೂ ಕೆಲಸ ತರುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಕಲಿತೆ. ಹೆಣ್ಣು ನೋಡಲು ಬರುವ ದಿನ ಅಮ್ಮ ನನ್ನ ಉಗುರಿಗೆ ನಿಂಬೆಹಣ್ಣು ಉಜ್ಜಿ, "ಸ್ಪ್ಯಾನರ್ ಸುದ್ದಿ ಎತ್ಬೇಡ," ಎಂದಿದ್ದಳು. ಎತ್ತಲಿಲ್ಲ. ನಾಗೇಶರ ಸ್ಕೂಟರ್ ಕೆಟ್ಟಾಗಲೆಲ್ಲ ಅವರು ಬಿಚ್ಚಿಕೊಟ್ಟ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ಸುಮ್ಮನೆ ನಿಂತೆ. ಹಾಗೆಯೇ ಇಪ್ಪತ್ತನಾಲ್ಕು ವರ್ಷ ಕಳೆಯಿತು.

ರೇವತಿ ರಸ್ತೆಯ ತಿರುವಿನಲ್ಲಿ ನಿಂತು ನೋಡುತ್ತಿದ್ದಳು. ಕೊಯ್ಲಿನ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡಿದ್ದಳು.

"ಪೆಟ್ರೋಲ್ ಜಾಸ್ತಿಯಾಗಿದೆ," ಎಂದೆ. "ಈ ಎತ್ತರದಲ್ಲಿ ಗಾಳಿ ತೆಳು. ಸಮುದ್ರದ ಪಕ್ಕದ ಮಂಗಳೂರಿಗೆ ಹೊಂದಿಸಿದ ಜೆಟ್ಟಿಗೇ ಅದಕ್ಕೆ ಉಸಿರು ಕಟ್ತಿತ್ತು. ನೀವು ಇನ್ನೂ ಕುಡಿಸಿದ್ರಿ."

"ಇದೆಲ್ಲ ಯಾರು ಹೇಳಿದ್ದು ಮಾರಾಯ್ತಿ?" ಎಂದರು ನಾಗೇಶ.

"ಅಪ್ಪ."

ತವರಿನಿಂದ ತಂದು ಅಟ್ಟದಲ್ಲಿಟ್ಟಿದ್ದ ಅಪ್ಪನ ಸಾಮಾನಿನ ಪೆಟ್ಟಿಗೆ ಇಳಿಸಿದೆ. ಬೆಂಕಿಪೊಟ್ಟಣದಲ್ಲಿ ಹಳೆಯ ಜೆಟ್‌ಗಳಿದ್ದವು. ಸಣ್ಣದೊಂದನ್ನು ಆರಿಸಿ ಹಾಕಿದೆ. ಆಮೇಲೆ ಎಂಜಿನ್ನಿನ ತಲೆಯನ್ನೇ ಬಿಚ್ಚಿ, ದಪ್ಪ ಪ್ಯಾಕಿಂಗ್ ತೆಗೆದು, ಅದೇ ಅಳತೆಗೆ ತೆಳ್ಳನೆ ತಾಮ್ರದ ಹಾಳೆ ಕತ್ತರಿಸಿ ಕೂರಿಸಿದೆ. ಒಳಗಿನ ಜಾಗ ಕೂದಲೆಳೆಯಷ್ಟು ಕಡಿಮೆಯಾದರೆ ಒತ್ತಡ ಹೆಚ್ಚುತ್ತದೆ, ಬಲವೂ ಹೆಚ್ಚುತ್ತದೆ. ಬಿಚ್ಚುವಾಗ ನಾಗೇಶ ಪಕ್ಕದಲ್ಲಿ ಕೂತು ಅಂಗೈ ಚಾಚಿದ್ದರು. ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಅದರಲ್ಲಿಟ್ಟೆ.

ಸಂಜೆಯೊಳಗೆ ಎರಡು ಮೂಟೆ ಒಟ್ಟಿಗೆ ಏರಿ ಬಂದವು.

ರಾತ್ರಿ ಊಟಕ್ಕೆ ಬಡಿಸುವಾಗ ನಾಗೇಶ ನನ್ನ ಕಪ್ಪು ಉಗುರುಗಳನ್ನು ನೋಡಿದರು. "ಸ್ಕೂಟರ್ ಕೆಟ್ಟಾಗೆಲ್ಲ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದ್ಸಲ ಮೂರು ಮೈಲಿ ತಳ್ಳಿದ್ದೆ."

"ನಾನೂ ನಡ್ದಿದ್ದೆ."

ಅವರು ನಕ್ಕರು. ಆಮೇಲೆ ತುಂಬ ಹೊತ್ತು ಅನ್ನ ಕಲಸುತ್ತಲೇ ಇದ್ದರು.

ಸೋಮವಾರ ರೇವತಿ ಎಲ್ಲರಿಗಿಂತ ಮೊದಲು ಬಂದಳು. ಖಾಲಿ ಗೋಣಿಯನ್ನು ಹಳ್ಳದಲ್ಲಿ ನಿಲ್ಲಿಸಿದ ಬಂಡಿಯ ಮೇಲೆಯೇ ಬಾಯಿ ತೆರೆದು ಇಟ್ಟಿದ್ದೆವು. ಸೊಂಟದ ಚೀಲ ಅರ್ಧ ತುಂಬಿದಾಗೆಲ್ಲ ತಂದು ಸುರಿದರಾಯಿತು, ಎತ್ತುವುದೇನಿಲ್ಲ. ಒಂದೇ ತೊಂದರೆ, ಒತ್ತಡ ಹೆಚ್ಚಿದ್ದರಿಂದ ಎಂಜಿನ್ ಶುರು ಮಾಡುವ ದಾರ ಬಲು ಬಿಗಿಯಾಗಿತ್ತು. ನಾನು ಎಳೆದರೂ ಬರಲಿಲ್ಲ. ನಾಗೇಶ ತೂಕ ಬರೆಯುತ್ತಿದ್ದರು, ಹಾಗಾಗಿ ಮೇಸ್ತ್ರಿಯೇ ಎಳೆಯಬೇಕಾಯಿತು.

"ಮೇಸ್ತ್ರೀ, ನನ್ನ ಮೂಟೆ ತುಂಬಿದೆ. ಎಳೀರಿ," ಎಂದು ರೇವತಿ ಹಳ್ಳದಿಂದ ಕೂಗಿದಳು.

"ನಾನೇನು ನಿನ್ನ ಆಳಾ?"

"ಯಾರು ಹೊರ್ತಾರೆ ಅಂತ ಕೇಳಿದ್ರಲ್ಲ."

ಕೆಳಗಿದ್ದ ಹೆಂಗಸರೆಲ್ಲ ನಕ್ಕರು. ಲಕ್ಕಯ್ಯ ಗೊಣಗುತ್ತ ಪಂಚೆ ಎತ್ತಿ ಕಟ್ಟಿ, ಕಾಲೂರಿ ದಾರ ಎಳೆದ. ಎರಡನೆಯ ಸಲಕ್ಕೆ ಎಂಜಿನ್ ಹಿಡಿಯಿತು.